ಗೂಗಲ್‌ನಲ್ಲಿ ನಿಮ್ಮ ಅಂಗಡಿ ಸಿಗಬೇಕಾದರೆ: ಬಳ್ಳಾರಿ, ರಾಯಚೂರು, ಕೊಪ್ಪಳದ ಹೊಸಬರಿಗೆ ಎಸ್‌ಇಒ ಮಾರ್ಗದರ್ಶಿ

"ವೆಬ್‌ಸೈಟ್ ಮಾಡ್ಸಿ ಆರು ತಿಂಗಳಾತ್ರಿ, ಗೂಗಲ್‌ನಾಗ ಹುಡುಕಿದ್ರ ನಮ್ದು ಬರೂದೇ ಇಲ್ಲ." ಬಳ್ಳಾರಿಯ ಜೀನ್ಸ್ ಘಟಕದವರು, ಸಿಂಧನೂರು, ಕಾರಟಗಿ, ಗಂಗಾವತಿ ಕಡೆಯ ಅಕ್ಕಿ ಮಿಲ್ಲಿನವರು, ಆನೆಗೊಂದಿಯಲ್ಲಿ ಹೋಂಸ್ಟೇ ನಡೆಸುವವರು, ಕಿನ್ನಾಳದ ಗೊಂಬೆ ಮಾರುವವರು, ಎಲ್ಲರೂ ಕೇಳುವ ಪ್ರಶ್ನೆ ಇದೇ. ಅದರ ಬೆನ್ನಿಗೆ ಇನ್ನೊಂದು ಬರುತ್ತದೆ: "ಹದಿನೈದು ಸಾವಿರ ಕೊಟ್ರ ಮೊದಲನೇ ಸ್ಥಾನಕ್ಕ ತರ್ತೀವಿ ಅಂತ ಫೋನ್ ಮಾಡ್ತಾರ, ಕೊಡಬಹುದಾ?"

ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡೋಣ. ಕೊಡಬೇಡಿ. ಗೂಗಲ್‌ನಲ್ಲಿ ಮೊದಲ ಸ್ಥಾನವನ್ನು ಯಾರೂ ಖಾತ್ರಿ ಕೊಡಲಾಗದು ಎಂದು ಗೂಗಲ್ ಕಂಪನಿಯೇ ಬರೆದಿಟ್ಟಿದೆ. ದುಡ್ಡು ಕೊಟ್ಟು ಮೇಲೆ ಬರುವುದು ಜಾಹೀರಾತು ಮಾತ್ರ. ಅದಕ್ಕೆ "ಪ್ರಾಯೋಜಿತ" ಎಂಬ ಚೀಟಿ ಅಂಟಿರುತ್ತದೆ, ದುಡ್ಡು ನಿಲ್ಲಿಸಿದ ದಿನ ಅದೂ ನಿಲ್ಲುತ್ತದೆ. ಜಾಹೀರಾತು ಕೊಟ್ಟವರ ಪುಟ ಮಾಮೂಲಿ ಫಲಿತಾಂಶದಲ್ಲಿ ಮೇಲೇರುವುದೂ ಇಲ್ಲ.

ಮೊದಲ ಪ್ರಶ್ನೆಗೆ ಉತ್ತರವೇ ಈ ಲೇಖನ. ಎಸ್‌ಇಒ, ಅಂದರೆ ಸರ್ಚ್ ಎಂಜಿನ್ ಆಪ್ಟಿಮೈಸೇಶನ್, ಅಂದರೆ ಹುಡುಕುವವರಿಗೆ ನಿಮ್ಮ ಪುಟ ಸುಲಭವಾಗಿ ಸಿಗುವಂತೆ ಅಣಿಗೊಳಿಸುವ ಕೆಲಸ. ಇದರಲ್ಲಿ ಮಂತ್ರವಿಲ್ಲ. ಗಿರಾಕಿ ಫೋನ್ ಮಾಡಿ ನಿಮ್ಮನ್ನು ಕೇಳುವುದನ್ನೆಲ್ಲ ಪುಟದಲ್ಲಿ ಸ್ಪಷ್ಟವಾಗಿ, ಸತ್ಯವಾಗಿ ಬರೆದಿರಬೇಕು, ಅದನ್ನು ಓದಲು ಗೂಗಲ್‌ಗೆ ಅಡ್ಡಿ ಇರಬಾರದು. ಉಳಿದ ಎಲ್ಲ ಕೆಲಸವೂ ಈ ಎರಡರ ಸುತ್ತಲೇ ಇದೆ.

ಮೂರು ಪದ ತಿಳಿದಿರಲಿ. ಗೂಗಲ್‌ನ ತಂತ್ರಾಂಶವೊಂದು ಲಿಂಕಿನಿಂದ ಲಿಂಕಿಗೆ ಹೋಗುತ್ತ ಜಗತ್ತಿನ ಪುಟಗಳನ್ನು ಓದುತ್ತಿರುತ್ತದೆ, ಇದು ಕ್ರಾಲಿಂಗ್. ಓದಿದ್ದರಲ್ಲಿ ಇಟ್ಟುಕೊಳ್ಳಲು ಯೋಗ್ಯವೆನಿಸಿದ್ದನ್ನು ತನ್ನ ಕಡತಕ್ಕೆ ಸೇರಿಸುವುದು ಇಂಡೆಕ್ಸಿಂಗ್. ಯಾರಾದರೂ ಹುಡುಕಿದಾಗ ಆ ಕಡತದಿಂದ ಯಾವುದನ್ನು ಮೇಲೆ, ಯಾವುದನ್ನು ಕೆಳಗೆ ತೋರಿಸಬೇಕೆಂದು ಆರಿಸುವುದು ರ‍್ಯಾಂಕಿಂಗ್. ನಿಮ್ಮ ಸೈಟ್ ಬರುತ್ತಿಲ್ಲವೆಂದರೆ ಈ ಮೂರರಲ್ಲಿ ಎಲ್ಲಿ ನಿಂತಿದೆ ಎಂದು ಮೊದಲು ಪತ್ತೆ ಹಚ್ಚಬೇಕು. ಕಡತಕ್ಕೇ ಸೇರದ ಪುಟವನ್ನು ಮೇಲೇರಿಸಲು ದುಡ್ಡು ಸುರಿದರೆ ತೂತಿನ ಕೊಡಕ್ಕೆ ನೀರು ಹೊಯ್ದಂತೆ.

ಶುರು ಮಾಡುವ ಮೊದಲು ಕೈಯಲ್ಲಿರಬೇಕಾದವು

ಡೊಮೇನ್, ಅಂದರೆ ನಿಮ್ಮ ಸೈಟಿನ ಹೆಸರು, ನಿಮ್ಮದೇ ಇಮೇಲ್ ಮತ್ತು ಫೋನ್ ನಂಬರಿನಲ್ಲಿ ನೋಂದಣಿಯಾಗಿರಬೇಕು. ಎಷ್ಟೋ ಕಡೆ ಸೈಟ್ ಮಾಡಿಕೊಟ್ಟ ಹುಡುಗನ ಹೆಸರಿನಲ್ಲೇ ಡೊಮೇನ್ ಇರುತ್ತದೆ. ಅವನು ನಂಬರ್ ಬದಲಿಸಿದರೆ, ವರ್ಷದ ನವೀಕರಣ ಮರೆತರೆ, ಅಂಗಡಿಯ ಬೋರ್ಡೇ ಕಳಚಿ ಬಿದ್ದ ಹಾಗೆ. ಎಲ್ಲಕ್ಕಿಂತ ಮೊದಲು ಇದನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಸೈಟಿನ ಅಡ್ಮಿನ್ ಪಾಸ್‌ವರ್ಡ್, ವ್ಯಾಪಾರಕ್ಕೇ ಮೀಸಲಾದ ಒಂದು ಗೂಗಲ್ ಖಾತೆ, ಕ್ಯಾಮೆರಾ ಇರುವ ಫೋನು, ಒಂದು ನೋಟ್‌ಬುಕ್, ವಾರಕ್ಕೆ ಎರಡು ತಾಸು ಪುರುಸೊತ್ತು: ಇಷ್ಟಿದ್ದರೆ ಸಾಕು.

1. ಗೂಗಲ್‌ಗೆ ನಿಮ್ಮ ಸೈಟ್ ಗೊತ್ತಿದೆಯೇ ನೋಡಿ

ಗೂಗಲ್‌ನ ಹುಡುಕು ಪಟ್ಟಿಯಲ್ಲಿ ಸೈಟ್ ಎಂಬ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಕೋಲನ್ ಚಿಹ್ನೆ (:) ಹಾಕಿ, ಜಾಗ ಬಿಡದೆ ನಿಮ್ಮ ಡೊಮೇನ್ ಬರೆಯಿರಿ. ನಿಮ್ಮ ಪುಟಗಳು ಬಂದರೆ ಕಡತದಲ್ಲಿವೆ. ಏನೂ ಬರದಿದ್ದರೆ ತೊಡಕು ಮೊದಲ ಮೆಟ್ಟಿಲಲ್ಲೇ ಇದೆ.

ಮುಂದೆ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಸೈಟ್ ಸೇರಿಸಿ. ಗೂಗಲ್ ನಿಮ್ಮ ಸೈಟನ್ನು ಹೇಗೆ ಓದುತ್ತಿದೆ ಎಂದು ಮಾಲೀಕರಿಗೆ ತೋರಿಸುವ ಉಚಿತ ಸಾಧನ ಇದು. ಸೈಟ್ ನಿಮ್ಮದೇ ಎಂದು ಸಾಬೀತುಪಡಿಸಲು ಹಲವು ದಾರಿಗಳಿವೆ. ಡೊಮೇನ್ ಕೊಂಡ ಕಂಪನಿಯ ಖಾತೆಗೆ ಹೋಗಿ ಡಿಎನ್‌ಎಸ್ ವಿಭಾಗದಲ್ಲಿ ಗೂಗಲ್ ಕೊಟ್ಟ ಒಂದು ಸಾಲನ್ನು ಅಂಟಿಸುವುದು ಅತ್ಯುತ್ತಮ. ಸೈಟಿನ ವಿನ್ಯಾಸ ಬದಲಾದರೂ ಅದು ಅಳಿಯುವುದಿಲ್ಲ. ಡಿಎನ್‌ಎಸ್ ಎಂದರೆ ನಿಮ್ಮ ಡೊಮೇನ್ ಹೆಸರನ್ನು ಸೈಟ್ ಇರುವ ಕಂಪ್ಯೂಟರಿನ ವಿಳಾಸಕ್ಕೆ ಜೋಡಿಸುವ ದಾಖಲೆ. ಅಲ್ಲಿ ಈಗಾಗಲೇ ಇರುವ ಬೇರೆ ಸಾಲುಗಳನ್ನು ಮುಟ್ಟಬೇಡಿ, ಇಮೇಲ್ ನಿಂತುಹೋದೀತು.

ಆಮೇಲೆ ಸೈಟ್‌ಮ್ಯಾಪ್ ಸಲ್ಲಿಸಿ. ನಿಮ್ಮ ಪುಟಗಳ ವಿಳಾಸಪಟ್ಟಿ ಅದು. ವರ್ಡ್‌ಪ್ರೆಸ್ (ಸೈಟ್ ಕಟ್ಟುವ ತಂತ್ರಾಂಶ) 2020ರ 5.5ನೇ ಆವೃತ್ತಿಯಿಂದ ಇದನ್ನು ತಾನೇ ತಯಾರಿಸುತ್ತದೆ. ಒಂದು ಸೈಟ್‌ಮ್ಯಾಪ್ ಕಡತದಲ್ಲಿ 50,000 ವಿಳಾಸದವರೆಗೂ ಇರಬಹುದು, ನಿಮಗೆ ಹದಿನೈದು ಇಪ್ಪತ್ತು ಸಾಕು.

ಇಲ್ಲಿ ಎಲ್ಲರೂ ಎಡವುವ ಎರಡು ಕಲ್ಲುಗಳಿವೆ. ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಎಂಬ ಭಾಗಕ್ಕೆ ಹೋದರೆ, ಸರ್ಚ್ ಎಂಜಿನ್‌ಗಳು ಈ ಸೈಟನ್ನು ಸೇರಿಸಿಕೊಳ್ಳದಂತೆ ತಡೆಯುವ ಒಂದು ಚೌಕ ಇದೆ. ಸೈಟ್ ಕಟ್ಟುವಾಗ ಡೆವಲಪರ್ ಅದಕ್ಕೆ ಟಿಕ್ ಹಾಕಿರುತ್ತಾನೆ, ಅರ್ಧಂಬರ್ಧ ಕೆಲಸ ಹೊರಗೆ ಕಾಣದಿರಲಿ ಎಂದು. ತೆಗೆಯುವುದು ಮರೆಯುತ್ತಾನೆ. ಆ ಒಂದು ಟಿಕ್ ನಿಮ್ಮ ಆರು ತಿಂಗಳನ್ನು ನುಂಗಿರಬಹುದು, ಇವತ್ತೇ ನೋಡಿ. ಎರಡನೆಯದು ರೋಬೋಟ್ಸ್ ಕಡತ. ಯಾವ ಪುಟ ಓದಬಹುದು, ಯಾವುದು ಬೇಡ ಎಂದು ಸರ್ಚ್ ಎಂಜಿನ್‌ಗೆ ಹೇಳುವ ಪುಟ್ಟ ಕಡತ ಅದು. ಅದರಲ್ಲಿ "ಡಿಸ್‌ಅಲೌ" ಎಂಬುದರ ಮುಂದೆ ಬರೀ ಒಂದು ಓರೆಗೆರೆ (/) ಇದ್ದರೆ ಇಡೀ ಸೈಟಿಗೇ ಬೀಗ ಬಿದ್ದಿದೆ ಎಂದರ್ಥ.

ಎರಡೂ ಸರಿಯಿದ್ದರೆ, ಸರ್ಚ್ ಕನ್ಸೋಲ್‌ನ ಮೇಲಿನ ಪಟ್ಟಿಯಲ್ಲಿ ಪುಟದ ವಿಳಾಸ ಹಾಕಿ "ರಿಕ್ವೆಸ್ಟ್ ಇಂಡೆಕ್ಸಿಂಗ್" ಒತ್ತಿ. ಒಂದು ಸಲ ಸಾಕು. ದಿನಾ ಒತ್ತಿದರೆ ಬೇಗ ಆಗುವುದಿಲ್ಲ.

2. ಅಕ್ಷರ ಅಕ್ಷರವಾಗಿಯೇ ಇರಲಿ

ಇದು ಕನ್ನಡದಂಥ ನಮ್ಮ ಭಾಷೆಗಳಲ್ಲಿ ಬರೆಯುವವರಿಗೆ ಬರುವ ತೊಡಕು. ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಇದರ ಸುದ್ದಿ ಇರುವುದಿಲ್ಲ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ನಮ್ಮ ಡಿಟಿಪಿ ಸೆಂಟರುಗಳಲ್ಲಿ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳು ರಾಶಿ ಇವೆ. ಅವುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಆ ಫಾಂಟು ಪ್ರತಿ ಚಿಹ್ನೆಯ ಮೇಲೂ ಒಂದು ಕನ್ನಡ ಮುಖವಾಡ ತೊಡಿಸಿರುತ್ತದೆ, ಅಷ್ಟೇ. ಗೂಗಲ್‌ಗೆ ಮುಖವಾಡ ಕಾಣುವುದಿಲ್ಲ, ಒಳಗಿನ ಚಿಹ್ನೆ ಮಾತ್ರ ಕಾಣುತ್ತದೆ. ನೀವು "ಬಳ್ಳಾರಿ ಜೀನ್ಸ್" ಎಂದು ನೂರು ಸಲ ಬರೆದಿದ್ದರೂ ಅದರ ಪಾಲಿಗೆ ಆ ಪದ ಒಂದು ಸಲವೂ ಇಲ್ಲ. ಯೂನಿಕೋಡ್‌ನಲ್ಲಿ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಗುರುತು ಕೊಡುವ ಪದ್ಧತಿ) ಬರೆದದ್ದು ಮಾತ್ರ ನಿಜವಾದ ಕನ್ನಡ ಅಕ್ಷರ. ನಿಮ್ಮ ಫೋನಿನ ಕೀಲಿಮಣೆಯಲ್ಲಿ ಬರುವುದೆಲ್ಲ ಯೂನಿಕೋಡೇ.

ಪರೀಕ್ಷೆ ಸುಲಭ. ನಿಮ್ಮ ಪುಟದ ಒಂದು ಸಾಲನ್ನು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಅಂಟಿಸಿ. ಕನ್ನಡವೇ ಬಂದರೆ ಸರಿ. ವಿಚಿತ್ರ ಚಿಹ್ನೆಗಳು ಬಂದರೆ ಹಳೆಯ ಫಾಂಟು. ಸಾಲನ್ನು ಆರಿಸಲಿಕ್ಕೇ ಆಗದಿದ್ದರೆ ಅದು ಚಿತ್ರ: ಕೋರಲ್‌ಡ್ರಾದಲ್ಲಿ ಮಾಡಿದ ಕರಪತ್ರವನ್ನು ಹಾಗೇ ಏರಿಸಿದ್ದಾರೆ. ಚಿತ್ರದೊಳಗಿನ ಬರಹದ ಮೇಲೆ ಭರವಸೆ ಇಡುವಂತಿಲ್ಲ. ದರ, ವಿಳಾಸ, ಮಾಲಿನ ವಿವರ ಎಲ್ಲವೂ ಬರಹವಾಗಿಯೇ ಪುಟದಲ್ಲಿರಬೇಕು. ಕರಪತ್ರ ಬೇಕಾದರೆ ಪಕ್ಕದಲ್ಲಿರಲಿ.

ಹಳೆಯ ಕಡತವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಮೂರು ಕಡೆ ಕಣ್ಣಿಟ್ಟು ಓದಿ: ಅರ್ಕಾವತ್ತು (ಖರ್ಚು, ಮಾರ್ಗ ಎಂಬಂಥ ಪದ), ಒತ್ತಕ್ಷರದ ಮೇಲೆ ಒತ್ತಕ್ಷರ ಬರುವಲ್ಲಿ (ರಾಷ್ಟ್ರ, ವಸ್ತ್ರ), ಮತ್ತು ಅಂಕಿಗಳು. ವಸ್ತ್ರವೇ ತಪ್ಪಾಗಿ ಅಚ್ಚಾದರೆ ಬಟ್ಟೆ ವ್ಯಾಪಾರಿಗೆ ಅದಕ್ಕಿಂತ ನಷ್ಟವಿಲ್ಲ.

3. ಗಿರಾಕಿ ಯಾವ ಮಾತಿನಲ್ಲಿ ಹುಡುಕುತ್ತಾನೆ?

ಹುಡುಕುವವರು ಬಳಸುವ ಪದಗಳಿಗೆ ಕೀವರ್ಡ್ ಎನ್ನುತ್ತಾರೆ. ಅದನ್ನು ಹುಡುಕಲು ದುಬಾರಿ ಸಾಫ್ಟ್‌ವೇರ್ ಬೇಡ, ನಿಮ್ಮ ಫೋನೇ ಸಾಕು. ಹದಿನೈದು ದಿನ, ಬಂದ ಪ್ರತಿ ಕರೆಯಲ್ಲಿ ಗಿರಾಕಿ ಕೇಳಿದ ಮೊದಲ ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಅವರದೇ ಮಾತಿನಲ್ಲಿ ಬರೆಯಿರಿ. "ಕಮ್ಮಿ ಅಂದ್ರ ಎಷ್ಟು ಪೀಸ್ ತಗೋಬೇಕ್ರಿ?" "ಸ್ಟ್ರೆಚ್ ಐತೇನ್ರಿ?" "ಹುಬ್ಬಳ್ಳಿಗೆ ಲಾರಿಗೆ ಹಾಕ್ತೀರಾ?" ಇವೇ ನಿಮ್ಮ ಕೀವರ್ಡ್‌ಗಳು, ಇವೇ ನಿಮ್ಮ ಪುಟದ ಉಪಶೀರ್ಷಿಕೆಗಳೂ ಹೌದು. ಆಮೇಲೆ ಗೂಗಲ್‌ನಲ್ಲಿ ಒಂದೆರಡು ಪದ ಟೈಪ್ ಮಾಡಿ ನಿಲ್ಲಿಸಿ, ಕೆಳಗೆ ತಾನಾಗಿ ಇಳಿಯುವ ಸಲಹೆಗಳನ್ನೂ ಬರೆದುಕೊಳ್ಳಿ.

ನಮ್ಮ ಊರುಗಳ ಹೆಸರಿನ ಕಾಗುಣಿತ ಒಂದು ದೊಡ್ಡ ವಿಷಯ. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ "ಬೆಲ್ಲಾರಿ" ಹೋಗಿ "ಬಳ್ಳಾರಿ" ಬಂತು. ಹೊರಗಿನ ವ್ಯಾಪಾರಿಗಳಲ್ಲಿ ಹಳೆಯ ಹೆಸರಿನಿಂದಲೇ ಹುಡುಕುವವರು ಈಗಲೂ ಇದ್ದಾರೆ. ಕಿನ್ನಾಳವನ್ನು ಇಂಗ್ಲಿಷಿನಲ್ಲಿ "ಕಿನ್ಹಾಲ್" ಎಂದು ಬರೆಯುವ ರೂಢಿ ಇದೆ. ಸೋನಾ ಮಸೂರಿಯನ್ನು ಮಸೂರಿ, ಮಸ್ಸೂರಿ, ಮಸೋರಿ ಎಂದು ಹತ್ತು ಬಗೆಯಲ್ಲಿ ಬರೆಯುತ್ತಾರೆ. ಇಂಥ ರೂಪಾಂತರಗಳನ್ನು ಗೂಗಲ್ ಬಹಳಷ್ಟು ಸಲ ತಾನೇ ಹೊಂದಿಸಿಕೊಳ್ಳುತ್ತದೆ. ಆದರೂ ನಿಮ್ಮ ಪರಿಚಯದ ಸಾಲಿನಲ್ಲಿ ಒಂದು ಸಲ "ಬಳ್ಳಾರಿ (ಹಿಂದಿನ ಇಂಗ್ಲಿಷ್ ಹೆಸರು ಬೆಲ್ಲಾರಿ)" ಎಂದು ಇಂಗ್ಲಿಷ್ ಕಾಗುಣಿತದೊಂದಿಗೆ ಬರೆದರೆ ಓದುವವರಿಗೂ ಸಲೀಸು. ಒಂದೇ ಸಲ. ಪುಟದ ಬುಡದಲ್ಲಿ ಊರುಗಳ ಹೆಸರನ್ನು ಸಾಲುಗಟ್ಟಿ ಸುರಿಯುವುದು, ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಪದ ಬಚ್ಚಿಡುವುದು ಗೂಗಲ್‌ನ ಸ್ಪ್ಯಾಮ್ (ಮೇಲೇರಲು ಮಾಡುವ ಮೋಸದ ತಂತ್ರ) ನಿಯಮಕ್ಕೆ ವಿರುದ್ಧ, ಸೈಟ್ ಕೆಳಗಿಳಿಯುತ್ತದೆ.

ಊರಿನ ವಿಷಯದಲ್ಲಿ ಇನ್ನೊಂದು ಮಾತು. 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಹಂಪಿ, ಹೊಸಪೇಟೆ ಬಳ್ಳಾರಿ ಜಿಲ್ಲೆಯಲ್ಲಿಲ್ಲ. ಆನೆಗೊಂದಿ ಇರುವುದು ತುಂಗಭದ್ರಾ ನದಿಯ ಈಚೆ, ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿ. ಹೋಂಸ್ಟೇ ನಡೆಸುವವರು "ಹಂಪಿಯಲ್ಲಿ ವಸತಿ" ಎಂದು ಬರೆಯುವ ಆಸೆ ಸಹಜ, ಹುಡುಕುವವರು ಹೆಚ್ಚು. ಆದರೆ ಬಂದ ಪ್ರವಾಸಿ ವಿರೂಪಾಕ್ಷ ದೇವಸ್ಥಾನಕ್ಕೆ ಹೋಗಲು ತುಂಗಭದ್ರೆ ದಾಟಬೇಕೆಂದು ತಿಳಿದ ಮೇಲೆ ಬರೆಯುವ ವಿಮರ್ಶೆ ನಿಮ್ಮ ಪುಟದ ಕೆಳಗೇ ಕೂರುತ್ತದೆ. "ಆನೆಗೊಂದಿ, ಹಂಪಿಯ ಎದುರು ದಡ" ಎಂದು ಬರೆಯಿರಿ. ದೋಣಿ ಎಷ್ಟು ಹೊತ್ತಿನವರೆಗೆ, ಹೊಳೆ ತುಂಬಿ ದೋಣಿ ನಿಂತಾಗ ಯಾವ ರಸ್ತೆ, ಅಂಜನಾದ್ರಿ ಎಷ್ಟು ದೂರ ಎಂದೂ ಬರೆಯಿರಿ. ಹಂಪಿ ಎಂಬ ಪದವೂ ಬಂತು, ಸುಳ್ಳೂ ಇಲ್ಲ.

4. ಒಂದು ಪುಟವನ್ನು ಪೂರ್ತಿ ಸರಿಮಾಡಿ

ಇಪ್ಪತ್ತು ಪುಟ ಒಟ್ಟಿಗೆ ಮುಟ್ಟಬೇಡಿ. ಹೆಚ್ಚು ವ್ಯಾಪಾರ ತರುವ ಒಂದು ಮಾಲಿನ ಪುಟ ಆರಿಸಿ. ಗಂಡಸರ ಜೀನ್ಸ್ ಪ್ಯಾಂಟಿನ ಹೋಲ್‌ಸೇಲ್ ಪುಟ ಎಂದಿಟ್ಟುಕೊಳ್ಳೋಣ.

ಟೈಟಲ್: ಗೂಗಲ್ ಫಲಿತಾಂಶದಲ್ಲಿ ದೊಡ್ಡದಾಗಿ, ನೀಲಿ ಬಣ್ಣದಲ್ಲಿ ಕಾಣುವ ಸಾಲು. ನಮ್ಮ ಕಡೆಯ ಎಷ್ಟೋ ಸೈಟುಗಳಲ್ಲಿ ಇಲ್ಲಿ "ಹೋಮ್" ಅಥವಾ "ಸುಸ್ವಾಗತ" ಎಂದಿರುತ್ತದೆ. ಬದಲಿಗೆ "ಬಳ್ಳಾರಿ ಜೀನ್ಸ್ ಹೋಲ್‌ಸೇಲ್: ಗಂಡಸರ ಪ್ಯಾಂಟ್, 28ರಿಂದ 36 ಸೈಜ್" ಎಂದು ಬರೆದು ಕೊನೆಗೆ ಅಂಗಡಿ ಹೆಸರು ಹಾಕಿ. ಉದ್ದವಾದರೆ ಪರದೆಯಲ್ಲಿ ತುಂಡಾಗುತ್ತದೆ, ಆದ್ದರಿಂದ ಮುಖ್ಯ ಪದ ಮೊದಲ ಐದಾರು ಪದಗಳಲ್ಲೇ ಬರಲಿ. ಪ್ರತಿ ಪುಟಕ್ಕೂ ಬೇರೆ ಟೈಟಲ್.

ಮೆಟಾ ಡಿಸ್ಕ್ರಿಪ್ಷನ್: ಟೈಟಲ್ ಕೆಳಗೆ ಕಾಣುವ ಎರಡು ಸಾಲಿನ ವಿವರಣೆ. ಇದು ರ‍್ಯಾಂಕ್ ಏರಿಸುವುದಿಲ್ಲ, ಆದರೆ ಓದಿದವರು ಒತ್ತುವಂತೆ ಮಾಡುತ್ತದೆ. ಕೆಲವೊಮ್ಮೆ ಗೂಗಲ್ ಇದನ್ನು ಬಿಟ್ಟು ಪುಟದಿಂದಲೇ ಸಾಲು ಎತ್ತಿಕೊಳ್ಳುತ್ತದೆ, ಗಾಬರಿ ಬೇಡ. ಇನ್ನು "ಮೆಟಾ ಕೀವರ್ಡ್ಸ್" ಎಂಬ ಖಾನೆಯನ್ನು ತಾನು ರ‍್ಯಾಂಕಿಂಗ್‌ಗೆ ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ. ಅದನ್ನು ತುಂಬಿಕೊಡುತ್ತೇವೆ ಎಂದು ಬಿಲ್ ಹಾಕುವವರಿಗೆ ಕೈಮುಗಿದು ಕಳಿಸಿ.

ಪುಟದ ವಿಳಾಸ: ಇಂಗ್ಲಿಷ್ ಅಕ್ಷರದಲ್ಲಿ, ಚಿಕ್ಕದಾಗಿ, ಪದಗಳ ನಡುವೆ ಅಡ್ಡಗೆರೆ (-) ಹಾಕಿ ಬರೆಯಿರಿ. ಕನ್ನಡದ ವಿಳಾಸವನ್ನು ಗೂಗಲ್ ಓದಬಲ್ಲದು. ಆದರೆ ಕಾಪಿ ಮಾಡಿದಾಗ ಅದು ಶೇಕಡಾ ಚಿಹ್ನೆಗಳ ಸರಮಾಲೆ ಆಗುತ್ತದೆ. ಕನ್ನಡದ ಒಂದೊಂದು ಚಿಹ್ನೆಗೆ 9 ಅಕ್ಷರ. "ಬಳ್ಳಾರಿ"ಯಲ್ಲಿ ಅಂಥ ಚಿಹ್ನೆಗಳು 7 (ಬ, ಳ, ವಿರಾಮ, ಳ, ದೀರ್ಘ, ರ, ಗುಡಿಸು), ಆ ಒಂದು ಪದವೇ 63 ಅಕ್ಷರವಾಗುತ್ತದೆ. ವಾಟ್ಸಾಪ್‌ನಲ್ಲಿ ಅಂಥ ಉದ್ದದ ಲಿಂಕ್ ಬಂದರೆ ಮೋಸದ ಲಿಂಕ್ ಇರಬೇಕೆಂದು ಜನ ಒತ್ತುವುದೇ ಇಲ್ಲ. ಈಗಾಗಲೇ ಇರುವ ವಿಳಾಸ ಬದಲಿಸುವುದಾದರೆ ಹಳೆಯದರಿಂದ ಹೊಸದಕ್ಕೆ 301 ರೀಡೈರೆಕ್ಟ್ ಹಾಕಿಸಿ. "ಶಾಶ್ವತವಾಗಿ ಮನೆ ಬದಲಾಗಿದೆ" ಎಂಬ ಸೂಚನೆ ಅದು. ಹಾಕದಿದ್ದರೆ ಹಳೆಯ ಲಿಂಕ್ ಒತ್ತಿದವರು ಖಾಲಿ ಪುಟಕ್ಕೆ ಬೀಳುತ್ತಾರೆ, ಹಳೆಯ ಪುಟ ಗಳಿಸಿದ್ದ ಬೆಲೆಯೂ ಹೋಗುತ್ತದೆ.

ಒಡಲು: ಇಲ್ಲೇ ನಿಮ್ಮ ಗೆಲುವು ಇದೆ. "ನಮ್ಮಲ್ಲಿ ಉತ್ತಮ ಗುಣಮಟ್ಟದ ಜೀನ್ಸ್ ಯೋಗ್ಯ ಬೆಲೆಯಲ್ಲಿ ದೊರೆಯುತ್ತವೆ" ಎಂಬ ಸಾಲು ಎಲ್ಲರ ಸೈಟಿನಲ್ಲೂ ಇದೆ. ಅದರಿಂದ ಗಿರಾಕಿಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ: ಒಂದು ಸೆಟ್‌ಗೆ ಎಷ್ಟು ಪೀಸ್, ಯಾವ ಸೈಜ್ ಎಷ್ಟು (ಉದಾಹರಣೆಗೆ 28 ಒಂದು, 30 ಎರಡು, 32 ಎರಡು, 34 ಎರಡು, 36 ಒಂದು, ಒಟ್ಟು 8). ಬಟ್ಟೆ ಎಷ್ಟು ಔನ್ಸ್, ಅಂದರೆ ಒಂದು ಚದರ ಗಜ ಡೆನಿಮ್‌ನ ತೂಕ ಎಷ್ಟು. ಸ್ಟ್ರೆಚ್ ಇದ್ದರೆ ಎಲಾಸ್ಟೇನ್ (ಹಿಗ್ಗುವ ನೂಲು) ಶೇಕಡಾ ಎಷ್ಟು. ಸ್ಟೋನ್ ವಾಶ್ ಮಾಡಿದ್ದೋ, ಎಂಜೈಮ್ ವಾಶ್ ಮಾಡಿದ್ದೋ. ಮೊದಲ ಒಗೆತದಲ್ಲಿ ಬಣ್ಣ ಬಿಡುತ್ತದೆಯೇ. ಕಡಿಮೆ ಎಂದರೆ ಎಷ್ಟು ಸೆಟ್ ಕೊಡುತ್ತೀರಿ, ಮುಂಗಡ ಎಷ್ಟು, ಯಾವ ಊರುಗಳಿಗೆ ಟ್ರಾನ್ಸ್‌ಪೋರ್ಟ್ ಇದೆ, ಬಾಡಿಗೆ ಯಾರದು. ಜಿಪ್ ಕೆಟ್ಟಿದ್ದರೆ, ಶೇಡ್ ಬೇರೆ ಬಂದರೆ ವಾಪಸ್ ತಗೊಳ್ಳುತ್ತೀರಾ, ಎಷ್ಟು ದಿನದೊಳಗೆ. ದರ ಬರೆಯಲು ಹಿಂಜರಿಕೆ ಇದ್ದರೆ ಇಷ್ಟರಿಂದ ಇಷ್ಟು ಎಂದಾದರೂ ಬರೆದು, ಯಾವ ತಿಂಗಳ ದರ ಎಂದು ಪಕ್ಕದಲ್ಲಿ ಹಾಕಿ.

ಅಕ್ಕಿ ಮಿಲ್ಲಿನವರಾದರೆ ಹೊಸ ಅಕ್ಕಿಯೋ ಹಳೆಯದೋ, ಎಷ್ಟು ತಿಂಗಳದ್ದು, ಸ್ಟೀಮೋ ಕಚ್ಚಾವೋ, ಒಂದು ಲೋಟಕ್ಕೆ ಎಷ್ಟು ನೀರು, ಚೀಲ ಎಷ್ಟು ಕೆಜಿಯದು. ಗೊಂಬೆಯವರಾದರೆ ಎತ್ತರ ಎಷ್ಟು ಇಂಚು, ತೂಕ ಎಷ್ಟು, ಬಣ್ಣ ಯಾವುದು, ಒಂದು ಮಾಡಲು ಎಷ್ಟು ದಿನ. ಕಿನ್ನಾಳದ ಕಲೆಗೆ ಭೌಗೋಳಿಕ ಗುರುತು, ಅಂದರೆ ಜಿಐ ಮಾನ್ಯತೆ ಇದೆ. ಬೇರೆ ಕಡೆಯ ಗೊಂಬೆ ತಂದು ಆ ಹೆಸರಿನಲ್ಲಿ ಮಾರಬೇಡಿ, ಅದು ಆ ಗೊಂಬೆ ಮಾಡುವ ಚಿತ್ರಗಾರರ ಅನ್ನ.

ಒಂದು ಎಚ್ಚರಿಕೆ. ಪಕ್ಕದವರ ಪುಟ ಕದ್ದು ಊರಿನ ಹೆಸರು ಬದಲಿಸುವುದು, ಇಂಗ್ಲಿಷ್ ಪುಟವನ್ನು ಯಂತ್ರಾನುವಾದಕ್ಕೆ ಹಾಕಿ ಓದದೆ ಏರಿಸುವುದು, ಎಐ ಕೈಯಲ್ಲಿ ಒಂದೇ ದಿನ ಇನ್ನೂರು ಪುಟ ಬರೆಸುವುದು ಮೂರೂ ಬೇಡ. ಎಐ ಬಳಸುವುದೇ ತಪ್ಪಲ್ಲ. ರ‍್ಯಾಂಕಿಗಾಗಿ ಓದುಗರಿಗೆ ಪ್ರಯೋಜನವಿಲ್ಲದ ಪುಟಗಳನ್ನು ರಾಶಿ ಹಾಕುವುದನ್ನು ಗೂಗಲ್ 2024ರ ಮಾರ್ಚ್‌ನಿಂದ ಸ್ಪಷ್ಟವಾಗಿ ಸ್ಪ್ಯಾಮ್ ಎಂದು ಹೆಸರಿಸಿದೆ.

5. ಫೋಟೊ ಹಗುರ ಮಾಡಿ, ಫೋನಿನಲ್ಲಿ ತೆರೆದು ನೋಡಿ

ಗೂಗಲ್ ಈಗ ಸೈಟಿನ ಮೊಬೈಲ್ ರೂಪವನ್ನೇ ಓದಿ ತೂಗುತ್ತದೆ. ಕಂಪ್ಯೂಟರಿನಲ್ಲಿ ಚೆಂದ ಕಂಡರೆ ಸಾಲದು.

ಸೈಟ್ ನಿಧಾನವಾಗಲು ನಮ್ಮ ಕಡೆ ಮುಖ್ಯ ಕಾರಣ ಫೋಟೊ. ಫೋನಿನಲ್ಲಿ ತೆಗೆದದ್ದು 4–5 ಎಂಬಿ ಇರುತ್ತದೆ, ಅಂಥ ಹತ್ತು ಹಾಕಿದರೆ ಹಳ್ಳಿಯ ಸಿಗ್ನಲ್‌ನಲ್ಲಿ ಪುಟ ತೆರೆಯುವುದೇ ಇಲ್ಲ. ಅಗಲ 1200 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಎಂಬ ಹಗುರ ಕಡತದ ಮಾದರಿಯಲ್ಲಿ ಉಳಿಸಿ, ಒಂದೊಂದು 200 ಕೆಬಿಯೊಳಗೆ ಬರುವಂತೆ ನೋಡಿಕೊಳ್ಳಿ. ಪ್ಯಾಂಟಿನ ಮುಂದು, ಹಿಂದು, ಒಳಗಿನ ಹೊಲಿಗೆ, ಗುಂಡಿ, ಲೇಬಲ್, ಹೀಗೆ ಐದು ಫೋಟೊ, ಬೆಳಗಿನ ಬೆಳಕಿನಲ್ಲಿ, ನೀವೇ ತೆಗೆದದ್ದು. ಇಂಟರ್ನೆಟ್‌ನಿಂದ ಎತ್ತಿದ ಮಾಡೆಲ್ ಫೋಟೊ ಹಾಕಿದರೆ ಕಾಪಿರೈಟ್ ತೊಂದರೆ, ಮಾಲು ಬೇರೆ ಬಂತೆಂಬ ಜಗಳ ಎರಡೂ ಮೈಮೇಲೆ ಬರುತ್ತವೆ.

ಪ್ರತಿ ಫೋಟೊಗೂ ಆಲ್ಟ್ ಬರಹ ಕೊಡಿ. ಕಣ್ಣು ಕಾಣದವರಿಗೆ ಅವರ ಫೋನ್ ಓದಿ ಹೇಳುವ, ಗೂಗಲ್‌ಗೂ ಚಿತ್ರ ಅರ್ಥ ಮಾಡಿಸುವ ವಿವರಣೆ ಅದು. "ಫೋಟೊ 1" ಅಲ್ಲ, "ಕಡು ನೀಲಿ ಜೀನ್ಸ್ ಪ್ಯಾಂಟಿನ ಹಿಂಬದಿ, ಎರಡು ಜೇಬು" ಎಂದು.

ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಗೂಗಲ್‌ನ ಉಚಿತ ಸಾಧನದಲ್ಲಿ ವಿಳಾಸ ಹಾಕಿದರೆ ಅಂಕ ಬರುತ್ತದೆ. ನೂರಕ್ಕೆ ನೂರು ಬೇಕೆಂದು ಹಟ ಹಿಡಿಯಬೇಡಿ. ಮೂರು ಅಳತೆ ನೋಡಿದರೆ ಸಾಕು: ಪುಟದ ಮುಖ್ಯ ಭಾಗ ಕಾಣಲು ಎರಡೂವರೆ ಸೆಕೆಂಡಿನೊಳಗೆ (ಎಲ್‌ಸಿಪಿ), ಬಟನ್ ಒತ್ತಿದರೆ ಪ್ರತಿಕ್ರಿಯೆ 200 ಮಿಲಿಸೆಕೆಂಡಿನೊಳಗೆ (ಐಎನ್‌ಪಿ), ತೆರೆಯುವಾಗ ಪುಟ ಜಿಗಿದಾಡುವ ಅಳತೆ 0.1ರೊಳಗೆ (ಸಿಎಲ್‌ಎಸ್).

6. ನಕ್ಷೆಯಲ್ಲಿ ಅಂಗಡಿ ಸೇರಿಸಿ

ಊರಿನ ಗಿರಾಕಿಗಳನ್ನೇ ನಂಬಿದ ವ್ಯಾಪಾರಕ್ಕೆ ವೆಬ್‌ಸೈಟಿಗಿಂತ ಗೂಗಲ್ ಬಿಸಿನೆಸ್ ಪ್ರೊಫೈಲ್ (ಗೂಗಲ್ ನಕ್ಷೆಯಲ್ಲಿ, ಹುಡುಕಾಟದಲ್ಲಿ ಕಾಣುವ ಅಂಗಡಿಯ ಪರಿಚಯ) ಹೆಚ್ಚು ಕೆಲಸ ಮಾಡುತ್ತದೆ. 2021ರವರೆಗೆ ಇದನ್ನೇ ಗೂಗಲ್ ಮೈ ಬಿಸಿನೆಸ್ ಎನ್ನುತ್ತಿದ್ದರು. ಪೂರ್ತಿ ಉಚಿತ. "ಗೂಗಲ್‌ನಿಂದ ಮಾತಾಡ್ತಿದೀವಿ, ನೋಂದಣಿ ಶುಲ್ಕ ಕಟ್ಟಿ" ಎಂದು ಫೋನ್ ಬಂದರೆ ಕತ್ತರಿಸಿ, ಓಟಿಪಿ ಮಾತ್ರ ಯಾರಿಗೂ ಹೇಳಬೇಡಿ.

ಬೋರ್ಡಿನ ಮೇಲೆ ಇರುವ ಹೆಸರನ್ನೇ ಕೊಡಿ. ಹೆಸರಿನ ಜತೆ "ಬೆಸ್ಟ್ ಜೀನ್ಸ್ ಹೋಲ್‌ಸೇಲ್ ಬಳ್ಳಾರಿ" ಎಂದು ಸೇರಿಸುವುದು ನಿಯಮಕ್ಕೆ ವಿರುದ್ಧ, ಪ್ರೊಫೈಲ್ ಅಮಾನತಾಗಬಹುದು. ದೃಢೀಕರಣಕ್ಕೆ ವಿಡಿಯೊ ಕೇಳಿದರೆ ತುಂಡು ಮಾಡದೆ ಒಂದೇ ಓಟದಲ್ಲಿ ರಸ್ತೆ, ಅಕ್ಕಪಕ್ಕದ ಅಂಗಡಿ, ನಿಮ್ಮ ಬೋರ್ಡು, ಬೀಗ ತೆಗೆಯುವುದು, ಒಳಗಿನ ಮಷಿನ್ ಎಲ್ಲ ತೋರಿಸಿ. ಮನೆಯಲ್ಲೇ ಹೊಲಿಯುವವರು, ಗಿರಾಕಿ ಮನೆಗೆ ಬರುವುದು ಬೇಡವೆಂದರೆ, ವಿಳಾಸ ಮರೆಮಾಡಿ ಸೇವೆ ಕೊಡುವ ಪ್ರದೇಶ ಮಾತ್ರ ತೋರಿಸಬಹುದು. ಹೆಸರು, ವಿಳಾಸ, ಫೋನ್ ನಂಬರ್ ಸೈಟಿನಲ್ಲೂ ಇಲ್ಲೂ ಒಂದೇ ಇರಲಿ. ಹಬ್ಬದ ರಜೆ ಹಾಕುವುದನ್ನು ಮರೆಯಬೇಡಿ. ಲಿಂಗಸೂಗೂರಿನಿಂದ ಬಸ್ ಹತ್ತಿ ಬಂದವರಿಗೆ ಮುಚ್ಚಿದ ಷಟರ್ ಕಂಡರೆ ಅವರು ಮತ್ತೆ ಬರುವುದಿಲ್ಲ.

ವಿಮರ್ಶೆಗಳ ವಿಷಯದಲ್ಲಿ ನೇರ ಮಾತು. ಮಾಲು ಕೊಂಡ ಎಲ್ಲರಿಗೂ ವಿಮರ್ಶೆಯ ಲಿಂಕ್ ಕಳಿಸಿ ಕೇಳಿ, ಅದು ಸರಿ. ಖುಷಿಯಾದವರನ್ನು ಮಾತ್ರ ಆರಿಸಿ ಕೇಳುವುದು, ಐದು ನಕ್ಷತ್ರಕ್ಕೆ ರಿಯಾಯಿತಿ ಕೊಡುವುದು, ಕೆಲಸದ ಹುಡುಗರಿಂದ ಬರೆಸುವುದು, ಎದುರಿನ ಅಂಗಡಿಗೆ ಒಂದು ನಕ್ಷತ್ರ ಹಾಕಿಸುವುದು ಗೂಗಲ್ ನಿಯಮದಲ್ಲೂ ತಪ್ಪು, ಗಿರಾಕಿಗೂ ಮೋಸ. ಆನ್‌ಲೈನ್ ವಿಮರ್ಶೆಗಳು ಹೇಗಿರಬೇಕೆಂದು ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಐಎಸ್ 19000 ಎಂಬ ಮಾನದಂಡವನ್ನೇ ಹೊರಡಿಸಿದೆ. ಕೆಟ್ಟ ವಿಮರ್ಶೆ ಬಂದರೆ ಒಂದು ದಿನ ಬಿಟ್ಟು ಉತ್ತರಿಸಿ: ಏನಾಯಿತು, ಏನು ಸರಿಪಡಿಸಿದಿರಿ. ಮುಂದಿನ ಗಿರಾಕಿ ಓದುವುದು ಆ ಉತ್ತರವನ್ನೇ.

7. ಲಿಂಕ್ ಗಳಿಸಿ, ಕೊಳ್ಳಬೇಡಿ

ಬೇರೆ ಸೈಟಿನವರು ನಿಮ್ಮ ಪುಟಕ್ಕೆ ಕೊಡುವ ಲಿಂಕಿಗೆ ಬ್ಯಾಕ್‌ಲಿಂಕ್ ಎನ್ನುತ್ತಾರೆ. ಲ್ಯಾರಿ ಪೇಜ್, ಸರ್ಗೆಯ್ ಬ್ರಿನ್ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಗೂಗಲ್ ಕಟ್ಟಿದ್ದೇ ಈ ಯೋಚನೆಯ ಮೇಲೆ: ತಿಳಿದವರು ಬೆರಳು ಮಾಡಿ ತೋರಿಸಿದ ಪುಟಕ್ಕೆ ಬೆಲೆ ಹೆಚ್ಚು. ಅದಕ್ಕೇ ಅದರ ಹೆಸರಲ್ಲಿ ದಂಧೆಯೂ ಹುಟ್ಟಿತು. "ಐನೂರು ಬ್ಯಾಕ್‌ಲಿಂಕ್, ಎರಡು ಸಾವಿರ ರೂಪಾಯಿ" ಎನ್ನುವವರು ಕೊಡುವುದು ಯಾರೂ ಓದದ ಕಸದ ಸೈಟುಗಳ ಲಿಂಕ್. ಗೂಗಲ್ 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಎಂಬ ಬದಲಾವಣೆ ತಂದದ್ದು ಇಂಥವರನ್ನು ಹಿಡಿಯಲೆಂದೇ.

ನ್ಯಾಯವಾದ ದಾರಿ ನಿಧಾನ, ಆದರೆ ನಿಮ್ಮ ಕೈಯಲ್ಲೇ ಇದೆ. ನಿಮ್ಮ ಮಾಲು ಮಾರುವ ಹುಬ್ಬಳ್ಳಿ, ಕಲಬುರಗಿ, ಕರ್ನೂಲಿನ ಅಂಗಡಿಗಳಿಗೆ ಸೈಟ್ ಇದ್ದರೆ "ತಯಾರಕರು" ಎಂದು ನಿಮ್ಮ ಲಿಂಕ್ ಹಾಕಲು ಕೇಳಿ. ವ್ಯಾಪಾರಿ ಸಂಘದ ಸದಸ್ಯರ ಪಟ್ಟಿಯಲ್ಲಿ ಹೆಸರು ಹಾಕಿಸಿ. ಬೇರೆಯವರು ಬಳಸಿಕೊಳ್ಳುವಂಥ ಒಂದು ಪುಟ ಬರೆಯಿರಿ: ಸೊಂಟದ ಅಳತೆ ಸೆಂಟಿಮೀಟರಿನಿಂದ ಇಂಚಿಗೆ ಬದಲಿಸುವ ಸೈಜ್ ಪಟ್ಟಿ, ಅಥವಾ ಗಂಗಾವತಿ ಬಸ್ ನಿಲ್ದಾಣದಿಂದ ಅಂಜನಾದ್ರಿಗೆ ಹೋಗುವ ದಾರಿ. ಅಂಥ ಪುಟಕ್ಕೆ ಲಿಂಕ್ ತಾನಾಗಿ ಬರುತ್ತದೆ. ದುಡ್ಡು ಕೊಟ್ಟು ಯಾರದೋ ಸೈಟಿನಲ್ಲಿ ಲೇಖನ ಹಾಕಿಸಿದರೆ ಆ ಲಿಂಕಿಗೆ "ಸ್ಪಾನ್ಸರ್ಡ್" ಎಂಬ ಗುರುತು ಹಾಕಲು ಹೇಳಿ, ಗೂಗಲ್ ಅದನ್ನು ದುಡ್ಡಿನ ಲಿಂಕ್ ಎಂದು ತಿಳಿದುಕೊಳ್ಳುತ್ತದೆ, ತಪ್ಪು ನಿಮ್ಮ ತಲೆಗೆ ಬರುವುದಿಲ್ಲ. ರೀಲ್ಸ್ ಮಾಡುವವರಿಗೆ ಹಣ ಅಥವಾ ಪ್ಯಾಂಟು ಕೊಟ್ಟರೂ ಅದು ಜಾಹೀರಾತು ಎಂದು ವಿಡಿಯೊದಲ್ಲೇ ಹೇಳಬೇಕು, ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲಿ ಈ ಬಗ್ಗೆ ಮಾರ್ಗಸೂಚಿ ಕೊಟ್ಟಿದೆ.

ವಾಟ್ಸಾಪ್‌ನಲ್ಲಿ ಒಪ್ಪಿದವರಿಗೆ ಮಾತ್ರ ಕಳಿಸಿ. ಊರಿನ ಮದುವೆ ಗುಂಪು, ಶಾಲೆ ಗುಂಪುಗಳಲ್ಲಿ ಲಿಂಕ್ ಸುರಿದರೆ ನಿಮ್ಮ ನಂಬರನ್ನೇ ಜನ ದೂರು ಕೊಟ್ಟು ಮುಚ್ಚಿಸುತ್ತಾರೆ.

8. ತಿಂಗಳಿಗೊಮ್ಮೆ ಲೆಕ್ಕ ನೋಡಿ

ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ಭಾಗದಲ್ಲಿ 16 ತಿಂಗಳವರೆಗಿನ ಲೆಕ್ಕ ಸಿಗುತ್ತದೆ. ಇಂಪ್ರೆಷನ್ ಎಂದರೆ ಫಲಿತಾಂಶದಲ್ಲಿ ಎಷ್ಟು ಸಲ ಕಂಡಿರಿ, ಕ್ಲಿಕ್ ಎಂದರೆ ಎಷ್ಟು ಸಲ ಒತ್ತಿದರು. ಕಂಡದ್ದು ಹೆಚ್ಚು, ಒತ್ತಿದ್ದು ಕಡಿಮೆ ಇದ್ದರೆ ಟೈಟಲ್ ತಿದ್ದಿ. ಸರಾಸರಿ ಸ್ಥಾನ ಎಂಟರಿಂದ ಇಪ್ಪತ್ತರ ನಡುವೆ ಇರುವ ಪದಗಳನ್ನು ಹುಡುಕಿ, ಆ ಪುಟಗಳಿಗೇ ಇನ್ನಷ್ಟು ವಿವರ ಸೇರಿಸಿ. ಶ್ರಮಕ್ಕೆ ಬೇಗ ಫಲ ಕೊಡುವುದು ಅವೇ. ಸ್ವಂತ ಫೋನಿನಲ್ಲಿ ದಿನಾ ಹುಡುಕಿ ನೋಡುವುದನ್ನು ನಂಬಬೇಡಿ. ನೀವಿರುವ ಜಾಗಕ್ಕೆ ತಕ್ಕಂತೆ ಫಲಿತಾಂಶ ಬದಲಾಗುತ್ತದೆ.

"ಕ್ರಾಲ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್‌ಡ್" ಎಂದು ಕಂಡರೆ ಗೂಗಲ್ ಪುಟವನ್ನು ಓದಿದೆ, ಸದ್ಯಕ್ಕೆ ಕಡತಕ್ಕೆ ಸೇರಿಸಿಲ್ಲ. ಹೆಚ್ಚಿನ ಸಲ ಆ ಪುಟದಲ್ಲಿ ನಾಲ್ಕೇ ಸಾಲು ಇರುತ್ತದೆ, ಇಲ್ಲವೇ ಇನ್ನೊಂದು ಪುಟದ ನಕಲಾಗಿರುತ್ತದೆ. ಮ್ಯಾನ್ಯುಯಲ್ ಆಕ್ಷನ್ಸ್ ಭಾಗದಲ್ಲಿ ಏನಾದರೂ ಇದ್ದರೆ ಅದು ದಂಡನೆ. ಕಾರಣ ಅಲ್ಲೇ ಬರೆದಿರುತ್ತದೆ, ಸರಿಪಡಿಸಿ ಮರುಪರಿಶೀಲನೆಗೆ ಅರ್ಜಿ ಹಾಕಿ. ಸೈಟ್ ಹುಡುಕಿದಾಗ ಜಪಾನಿ ಅಕ್ಷರದ ಪುಟಗಳು ನಿಮ್ಮ ಹೆಸರಲ್ಲಿ ಬಂದರೆ ಯಾರೋ ಒಳನುಗ್ಗಿದ್ದಾರೆ: ಪಾಸ್‌ವರ್ಡ್ ಬದಲಿಸಿ, ಪ್ಲಗಿನ್‌ಗಳನ್ನು ಅಪ್‌ಡೇಟ್ ಮಾಡಿಸಿ, (ಸೈಟಿಗೆ ಸೇರಿಸಿದ ಪುಟ್ಟ ತಂತ್ರಾಂಶಗಳು) ಬಳಸದವನ್ನು ಕಿತ್ತುಹಾಕಿ, ಒಳನುಗ್ಗುವ ಮೊದಲು ತೆಗೆದಿಟ್ಟ ಹಳೆಯ ಬ್ಯಾಕಪ್‌ನಿಂದ ಸೈಟ್ ಮತ್ತೆ ಏರಿಸಿ.

ಏನು ಬದಲಿಸಿದರೂ ತಾರೀಖು ಹಾಕಿ ನೋಟ್‌ಬುಕ್ಕಿನಲ್ಲಿ ಬರೆಯಿರಿ, ಕೆಲವು ವಾರ ಕಾಯಿರಿ. ಹೊಸ ಸೈಟಿಗೆ ನಾಲ್ಕು ತಿಂಗಳಿಂದ ಒಂದು ವರ್ಷ ಹಿಡಿಯುವುದು ಸಾಮಾನ್ಯ. ಈ ಲೆಕ್ಕದಲ್ಲಿ ನೋಡಿದರೆ ದಸರಾ, ದೀಪಾವಳಿಯ ಮಾಲಿನ ಪುಟವನ್ನು ಜೂನ್ ಮುಗಿಯುವುದರೊಳಗೆ ಬರೆದು ಹಾಕಿರಬೇಕು. ವಿಳಾಸದಲ್ಲಿ ಇಸವಿ ಸೇರಿಸಬೇಡಿ. ಮುಂದಿನ ವರ್ಷ ಅದೇ ಪುಟದಲ್ಲಿ ಹೊಸ ದರ, ಹೊಸ ಫೋಟೊ ಹಾಕಿದರೆ ಈ ವರ್ಷ ಬಂದ ಲಿಂಕ್‌ಗಳೂ ಅದಕ್ಕೇ ಕೆಲಸ ಮಾಡುತ್ತವೆ.